ಕಳ್ಳನಿಗೆ ಕಟ್ಟಿದ ಗಂಟೆ

ಯಾರ ಮನೆಗೆ ಹೋದರೂ ನಾನು ಬಾಗಿಲಲ್ಲಿ ಹಾಕಿರುವ ಕಾಲೊರಸನ್ನು ತುಳಿಯುವುದಿಲ್ಲ. ದಾಟುತ್ತೇನೆ. ಚಿಕ್ಕದಾಗಿದ್ದರೆ ಒಂದು ದಾಪುಗಾಲು, ದೊಡ್ಡದಾಗಿದ್ದರೆ ಪಂಚೆ ಎತ್ತಿಕೊಂಡು ಒಂದು ಸಣ್ಣ ನೆಗೆತ. ಮೊನ್ನೆ ಗೆಳೆಯರೊಬ್ಬರ ಮನೆಯ ನಾಮಕರಣಕ್ಕೆ ಹೋದಾಗಲೂ ಹಾಗೆಯೇ ನೆಗೆದೆ. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಅವರ ಸೊಸೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಯಾಕೆ ಮೇಷ್ಟ್ರೇ, ಅದರ ಕೆಳಗೆ ದೇವರನ್ನ ಇಟ್ಟಿದೀವಾ?" ಅಂತ ಗೆಳೆಯರು ಕೇಳಿದರು. ದೇವರಲ್ಲ ಸ್ವಾಮಿ, ಬಿಸ್ಕತ್ತು ಡಬ್ಬದ ತಗಡು ಇರುತ್ತೆ, ತುಳಿದರೆ ಇಡೀ ಮಂಡಿ ಮೊಹಲ್ಲಾ ಎದ್ದು ಕೂರುತ್ತೆ ಅಂತ ಹೇಳೋಣವೆನ್ನಿಸಿತು. ಹೇಳಿದರೆ ಪೂರ್ತಿ ಹೇಳಬೇಕಲ್ಲ, ಅಷ್ಟು ಚೈತನ್ಯವಿರಲಿಲ್ಲ. ಸುಮ್ಮನೆ ಒಳಗೆ ಹೋಗಿ ಲಾಡು ತಿಂದು ಬಂದೆ. ನಿಮ್ಮ ಹತ್ತಿರವಾದರೆ ಪರವಾಗಿಲ್ಲ, ಕೂತು ನಿಧಾನವಾಗಿ ಹೇಳಬಹುದು.

ನಾನು ಸ್ಕೂಲು ಮೇಷ್ಟ್ರು. ಪ್ರಾರ್ಥನೆಗೆ ಒಂದು ಗಂಟೆ, ಪೀರಿಯಡ್ಡಿಗೆ ಒಂದು ಗಂಟೆ, ಊಟಕ್ಕೆ ಒಂದು, ಮತ್ತೆ ಒಳಗೆ ಬರುವುದಕ್ಕೆ ಒಂದು. ಇವುಗಳ ನಡುವೆ ಸಿಕ್ಕಿಕೊಂಡೇ ಕೂದಲು ಹಣ್ಣಾದವನು. ಮನೆಗೆ ಬಂದ ಮೇಲಾದರೂ ಗಂಟೆಯ ಸದ್ದಿಲ್ಲದೆ ಎರಡು ತುತ್ತು ತಿನ್ನೋಣ ಎನ್ನುವ ಆಸೆಯಿದ್ದ ಮನುಷ್ಯ ತನ್ನ ಕೈಯಾರೆ ತನ್ನ ಮನೆಯ ಗೋಡೆಗೇ ಒಂದು ಗಂಟೆ ಹೊಡೆದುಕೊಂಡನಲ್ಲ, ಅದನ್ನು ನೆನೆದರೆ ಈಗಲೂ ಮೈಯೆಲ್ಲ ಸುಸ್ತಾಗುತ್ತದೆ.

ಎಲ್ಲ ಶುರುವಾದದ್ದು ಒಂದು ಹಂಡೆಯಿಂದ. ಆಗ ನಾವು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಬಾಡಿಗೆಗಿದ್ದೆವು. ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು, ಊರಿಗೆ ಸ್ವಾತಂತ್ರ್ಯ ಬಂದರೂ ನನಗೆ ಇನ್‌ಕ್ರಿಮೆಂಟ್ ಬಂದಿರಲಿಲ್ಲ. ಮನೆಯ ಮುಂದೆ ಜಗಲಿ, ಒಳಗೆ ನಡುಮನೆ, ಅದರಾಚೆ ಅಡಿಗೆಮನೆ, ಹಿತ್ತಲಲ್ಲಿ ಬಚ್ಚಲು. ಹಿತ್ತಲ ಗೋಡೆಯಾಚೆ ಮುನಿಸಿಪಾಲಿಟಿಯ ಕಸದ ಗಾಡಿ ಓಡಾಡುವ ಕನ್ಸರ್ವೆನ್ಸಿ ಗಲ್ಲಿ. ಮನೆಯಲ್ಲಿ ಮೂವರೇ: ನಾನು, ನನ್ನ ಹೆಂಡತಿ ರತ್ನ, ನಮ್ಮವ್ವ.

ಅವ್ವ ಊರಿನಿಂದ ಬಂದವಳು. ನಮ್ಮೂರು ನರಸೀಪುರದ ಕಡೆ. ಅಲ್ಲಿ ಮನೆ, ಹೊಲ ಎಲ್ಲ ಅಣ್ಣನ ಪಾಲಿಗೆ ಬಂದಿತ್ತು, ಅತ್ತಿಗೆಗೂ ಅವ್ವನಿಗೂ ಮಾತು ಬಿಟ್ಟು ಹೋಗಿತ್ತು. ಅಪ್ಪ ತೀರಿಕೊಂಡ ಮೇಲೆ ಒಂದು ಸಲ ಹೇಳದೆ ಕೇಳದೆ ಊರಿಗೆ ಹೋದವನು ನೋಡುತ್ತೇನೆ, ಅವ್ವ ಅಡಿಗೆಮನೆಯ ಹೊರಗೆ ಒರಳುಕಲ್ಲಿನ ಪಕ್ಕ ತಟ್ಟೆ ಹಿಡಿದುಕೊಂಡು ಕೂತಿದ್ದಳು. ಒಳಗಿನಿಂದ ಒಂದು ಕೈ ಬಂದು ಮುದ್ದೆ ಹಾಕಿ ಹೋಯಿತು. ಅದೇ ದಿನ ಅವಳನ್ನು ಬಸ್ಸು ಹತ್ತಿಸಿಕೊಂಡು ಬಂದೆ. "ಪ್ಯಾಟೇಲಿ ನಂಗೇನ್ಲಾ ಕೆಲ್ಸ?" ಅಂತ ದಾರಿಯುದ್ದಕ್ಕೂ ಕೇಳಿದಳು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಮನೆ ಕಾಯೋಕೆ ಯಾರೂ ಇಲ್ಲ ಕಣವ್ವ. ನೀನು ಬಾಗಿಲಲ್ಲಿ ಕೂತ್ಕೊಂಡ್ರೆ ಸಾಕು."

ಅವಳು ಅದನ್ನು ಹುದ್ದೆಯೆಂದೇ ತೆಗೆದುಕೊಂಡಳು. ಬೆಳಗ್ಗೆ ತಿಂಡಿಯಾದದ್ದೇ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತರೆ ಸಂಜೆ ದೀಪ ಹಚ್ಚುವವರೆಗೂ ಅಲ್ಲೇ. ಅವರೆಕಾಯಿ ಸುಲಿಯುವುದೂ ಅಲ್ಲೇ, ಬತ್ತಿ ಹೊಸೆಯುವುದೂ ಅಲ್ಲೇ. ಗಲ್ಲಿಗೆ ಹೊಸಬರು ಕಾಲಿಟ್ಟರೆ ಸಾಕು, "ಯಾವೂರಪ್ಪ? ಯಾರ್ ಮನೇಗೆ?" ಅಂತ ಶುರು. ಒಂದು ಸಲ ನಮ್ಮ ಹೆಡ್‌ಮಾಸ್ಟರು ಮನೆ ಹುಡುಕಿಕೊಂಡು ಬಂದಾಗ ಅವರ ಅಜ್ಜಿಯ ತವರೂರು ತಿಳಿದ ಮೇಲೆಯೇ ಒಳಗೆ ಬಿಟ್ಟಿದ್ದಳು. ಪಾಪ, ಅವರು ಜುಬ್ಬಾದ ತುದಿಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಬಂದು ಕೂತರು.

ಅವ್ವನ ಕಿವಿಯ ವಿಷಯ ಹೇಳಲೇಬೇಕು. ನಾವು ಚಿಕ್ಕವರಿದ್ದಾಗ ಅಟ್ಟದ ಮೇಲೆ ಸಾಲಾಗಿ ಮಡಕೆಗಳಿರುತ್ತಿದ್ದವು. ಹುರುಳಿ, ಹೆಸರು, ಬೆಲ್ಲ, ಹುಣಿಸೆಹಣ್ಣು. ಅವ್ವ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿರುವುದನ್ನು ನೋಡಿಕೊಂಡೇ ನಾನು ಏಣಿ ಹತ್ತುತ್ತಿದ್ದೆ. ಮುಚ್ಚಳ ಎತ್ತಿದ್ದೇ ತಡ, ಕೊಟ್ಟಿಗೆಯಿಂದ ಕೂಗು ಬರುತ್ತಿತ್ತು: "ಅದು ಉಳ್ಳಿ ಗಡ್ಗೆ ಕಣ್ಲಾ, ಬೆಲ್ಲ ಅದ್ರ ಪಕ್ದಲ್ಲೈತೆ!" ಬೈಗುಳವೇ ಆಗಿದ್ದರೆ ಇಳಿದು ಓಡಬಹುದಿತ್ತು. ದಾರಿ ತೋರಿಸಿದ ಮೇಲೆ ಕದಿಯುವುದಕ್ಕೆ ಮನಸ್ಸಾದರೂ ಹೇಗೆ ಬರಬೇಕು, ಹೇಳಿ.

ಅಂಥ ಅವ್ವ ಬಾಗಿಲಲ್ಲಿ ಕೂತಿದ್ದಾಗಲೇ ನಮ್ಮ ಹಂಡೆ ಹೋಯಿತು. ನಾನು ಸ್ಕೂಲಿನಲ್ಲಿದ್ದೆ, ರತ್ನ ರಾಗಿ ಬೀಸಿಸಿಕೊಂಡು ಬರಲು ಮಿಲ್ಲಿಗೆ ಹೋಗಿದ್ದಳು. ಅವ್ವ ಮುಂದಿನ ಜಗಲಿಯಲ್ಲಿ, ಕಳ್ಳ ಹಿಂದಿನ ಗಲ್ಲಿಯಲ್ಲಿ. ಗೋಡೆ ಹಾರಿ ಬಂದು, ಬಚ್ಚಲೊಲೆಯ ಮೇಲಿದ್ದ ತಾಮ್ರದ ಹಂಡೆಯನ್ನು ಎತ್ತಿಕೊಂಡು ಹೋಗಿದ್ದ. ಒಳಗಿದ್ದ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಹುಯ್ದಿದ್ದ ಬೇರೆ. ಗಿಡ ಬಾಡಿದ್ದನ್ನು ಅವನೂ ನೋಡಿದ್ದನೋ ಏನೋ.

ನಾನು ಬಂದಾಗ ಅವ್ವ ಬರಿದಾದ ಒಲೆಯ ಮುಂದೆ ನಿಂತಿದ್ದಳು. "ಬೆಳಗ್ಗಿಂದ ಬಾಕ್ಲು ಬುಟ್ಟು ಕದಲ್ಲಿಲ್ವಲ್ಲೋ ಮಗ. ಒಂದ್ ನೊಣಾನೂ ಒಳೀಕ್ ಬುಡ್ಲಿಲ್ಲ. ಎಂಗೋ ಓಯ್ತು ಅಂಡೆ?" ಅಂದಳು. ಹೋಗಲಿ ಬಿಡವ್ವ ಎಂದೆ. ರತ್ನನೂ ಹಾಗೆಯೇ ಅಂದಳು. ಅವತ್ತು ಅವ್ವ ಊಟ ಮಾಡಲಿಲ್ಲ. "ನನ್ ಕಾವ್ಲು ಇಷ್ಟೇಯ" ಅಂತ ಒಂದೇ ಒಂದು ಮಾತು ಅಂದು ಮಲಗಿಬಿಟ್ಟಳು.

ಅತ್ತ ರತ್ನನಿಗೆ ಬೇರೆಯೇ ಕಷ್ಟ ಹತ್ತಿಕೊಂಡಿತು. ಕೋಳಿ ಕೂಗುವ ಮೊದಲೇ ಎದ್ದು ಮೈಮುರಿದು ದುಡಿಯುವವಳು, ಮಧ್ಯಾಹ್ನ ಒಂದಿಷ್ಟು ಹೊತ್ತು ಅಡಿಗೆಮನೆಯಲ್ಲಿ ಸೆರಗು ಹಾಸಿ ಒರಗುತ್ತಿದ್ದಳು. ಹಂಡೆ ಹೋದ ಮೇಲೆ ಅದೂ ಹೋಯಿತು. "ಹಿತ್ಲಲ್ಲಿ ಎಲೆ ಉದುರಿದ್ರೂ ಎದೆ ಧಸಕ್ ಅನ್ನುತ್ತೆ ಕಣ್ರೀ. ಅತ್ತೆ ಮುಂದೆ ಕೂತಿರ್ತಾರೆ, ಹಿಂದ್ಗಡೆ ಯಾರಿರ್ತಾರೆ?" ಅನ್ನುತ್ತಿದ್ದಳು. ಕಣ್ಣ ಸುತ್ತ ಕಪ್ಪು ಕಟ್ಟಿತು. ಸಾರಿಗೆ ಎರಡೆರಡು ಸಲ ಉಪ್ಪು ಬೀಳತೊಡಗಿತು. ಏನಾದರೂ ಮಾಡಲೇಬೇಕಾಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ನಮ್ಮ ದೇಶದ ಹಳೇ ಪದ್ಧತಿ, ನಾನೊಬ್ಬ ಮುರಿಯುವುದು ಬೇಡವೆಂದುಕೊಂಡೆ.

ಪಕ್ಕದ ಮನೆಯ ಅಂತೋಣಪ್ಪನವರು ನಾಯಿ ಸಾಕಿ ಎಂದರು. ಅವರದು ತಲೆತಲಾಂತರದಿಂದ ಮೈಸೂರಿನಲ್ಲೇ ಇದ್ದ ಕ್ರಿಶ್ಚಿಯನ್ ಕುಟುಂಬ, ಗಂಡ ಹೆಂಡತಿ ಇಬ್ಬರೇ, ಜೊತೆಗೊಂದು ರಾಣಿ ಎಂಬ ನಾಯಿ. "ರಾಣಿ ಮರಿ ಹಾಕವಳೆ ಮೇಷ್ಟ್ರೇ, ಒಂದು ತಗೊಂಡೋಗಿ" ಅಂದರು. ರಾಣಿಯ ಗುಣ ನನಗೆ ಗೊತ್ತಿತ್ತು. ನಮ್ಮ ಹಂಡೆ ಹೋದ ಮಧ್ಯಾಹ್ನ ಅದು ಹಿಂದಿನ ಗಲ್ಲಿಯಲ್ಲೇ ಮಲಗಿತ್ತು. ಕಳ್ಳನಿಗೆ ಬಾಲ ಅಲ್ಲಾಡಿಸಿ ಬೀದಿಯ ತುದಿಯವರೆಗೆ ಬಿಟ್ಟುಬಂದಿದ್ದರೂ ಆಶ್ಚರ್ಯವಿಲ್ಲ. ಅದರ ಮರಿ ಬೇಡವೆಂದೆ. ಇನ್ನು ಬೀಗ. ಒಳಗೆ ಜನ ಇರುವ ಮನೆಗೆ ಹಗಲು ಹೊತ್ತಿನಲ್ಲಿ ಬೀಗ ಜಡಿಯುವುದುಂಟೆ? ಹಿತ್ತಲ ಬಾಗಿಲ ಮೇಲೆ ಚೊಂಬಿನಲ್ಲಿ ಕಲ್ಲು ತುಂಬಿಸಿ ಇಟ್ಟು ನೋಡಿದೆ. ಅದು ಮೊದಲನೆಯ ದಿನವೇ ನನ್ನ ಕಾಲ ಮೇಲೆ ಬಿತ್ತು. ಕುಂಟಿಕೊಂಡು ಸ್ಕೂಲಿಗೆ ಹೋದರೆ ಹೆಡ್‌ಮಾಸ್ಟರು, "ಸೈನ್ಸ್ ಮೇಷ್ಟ್ರು ಅಂತೀರಿ, ಒಂದು ಕರೆಂಟ್ ಗಂಟೆ ಹಾಕ್ಕೊಳ್ಳೋಕೆ ಬರಲ್ವೇನ್ರೀ?" ಅಂದುಬಿಟ್ಟರು.

ನಾನು ಸೈನ್ಸ್ ಮೇಷ್ಟ್ರೇ ನಿಜ. ವಿದ್ಯುತ್ ಗಂಟೆಯ ಚಿತ್ರವನ್ನು ಕರೀ ಹಲಗೆಯ ಮೇಲೆ ವರ್ಷಕ್ಕೊಂದು ಸಲ ಚೆಂದವಾಗಿ ಬರೆದು, ಬಾಣದ ಗುರುತು ಹಾಕಿ, ಒರೆಸಿ ಬರುತ್ತಿದ್ದವನು. ಸೀಮೆಸುಣ್ಣದ ಗಂಟೆ ಎಂದೂ ಕೈಕೊಟ್ಟಿರಲಿಲ್ಲ. ಆ ಧೈರ್ಯದ ಮೇಲೆ ಹಳೇ ಸಾಮಾನಿನ ಅಂಗಡಿಯ ಖಾದರ್ ಸಾಹೇಬರ ಬಳಿ ಹೋದೆ.

ಅವರು ನಾಲ್ಕಾರು ಗಂಟೆಗಳನ್ನು ಗೋಣಿಚೀಲದಿಂದ ಸುರಿದರು. ಒಂದು ಬಡಿದರೆ ಕೆಮ್ಮಿದಂತಿತ್ತು. ಇನ್ನೊಂದು ಡಾಕ್ಟರ ಮನೆಯದಂತೆ, ಬಹಳ ಮರ್ಯಾದೆಯ ಸದ್ದು. ಕಳ್ಳನಿಗೆ ಅಷ್ಟು ಮರ್ಯಾದೆ ಯಾಕೆಂದು ಪಕ್ಕಕ್ಕಿಟ್ಟೆ. ಕೊನೆಗೆ ಅವರು ಊಟದ ತಟ್ಟೆಯಷ್ಟು ಅಗಲದ ಒಂದು ಗಂಟೆಯನ್ನು ತೆಗೆದು ಬ್ಯಾಟರಿಗೆ ಮುಟ್ಟಿಸಿದರು. ಬೀದಿಯಲ್ಲಿ ಹೋಗುತ್ತಿದ್ದ ಎತ್ತು ನಿಂತುಬಿಟ್ಟಿತು. "ಟೂರಿಂಗ್ ಟಾಕೀಸಿನ ಇಂಟರ್ವಲ್ ಗಂಟೆ ಮೇಷ್ಟ್ರೇ! ಇದು ಹೊಡೆದ್ರೆ ಕಳ್ಳ ಹಾಗಿರ್ಲಿ, ಹಿಡಿಯೋಕೆ ಬಂದ ಪೊಲೀಸ್ನೋನೂ ಓಡ್ಬೇಕು" ಅಂದರು. ಅದನ್ನೇ ತಂದೆ. ಜೊತೆಗೆ ಎರಡು ದಪ್ಪ ಡ್ರೈಸೆಲ್ಲು, ಒಂದು ಕರೀ ಸ್ವಿಚ್ಚು, ನೂಲು ಸುತ್ತಿದ ತಂತಿ.

ಹಾಕುವುದಕ್ಕೆ ಒಂದು ಭಾನುವಾರ ಸಾಕೆಂದಿದ್ದೆ. ಮೂರು ಭಾನುವಾರ ಹಿಡಿಯಿತು. ಗೋಡೆ ಮಣ್ಣಿನದು, ಮೇಲೆ ಸುಣ್ಣದ ಗಾರೆ. ಒಂದು ಮೊಳೆ ಹೊಡೆದರೆ ಅಂಗೈಯಗಲ ಗಾರೆ ಉದುರುತ್ತಿತ್ತು. ಹೆಬ್ಬೆರಳಿನ ಉಗುರು ನೇರಳೆಹಣ್ಣಿನಂತಾಯಿತು. ಬಿಸ್ಕತ್ತು ಡಬ್ಬ ಕತ್ತರಿಸಿ ಎರಡು ತಗಡು ಮಾಡಿ, ನಡುವೆ ಸಣ್ಣ ಹಲಗೆಚೂರುಗಳನ್ನಿಟ್ಟು, ಹಿತ್ತಲ ಬಾಗಿಲ ಒಳಗೆ ನೆಲಕ್ಕೆ ಹಾಸಿ, ಮೇಲೆ ಗೋಣಿತಾಟು ಮುಚ್ಚಿದೆ. ತುಳಿದರೆ ತಗಡಿಗೆ ತಗಡು ಕೂಡಿ ಗಂಟೆ ಹೊಡೆಯಬೇಕು. ಮುಂಬಾಗಿಲಿಗೆ ಹಿತ್ತಾಳೆ ಪಟ್ಟಿ. ಬಾಗಿಲು ತೆರೆದರೆ ಹೊಡೆಯಬೇಕು. ಅಡಿಗೆಮನೆಯ ಗೋಡೆಯಲ್ಲಿ ಸ್ವಿಚ್ಚು. ನಮಗೆ ಓಡಾಡಬೇಕಾದಾಗ ಆರಿಸುವುದು, ಮಿಕ್ಕಂತೆ ಹಾಕಿರುವುದು. ಬರೆದರೆ ಎಷ್ಟು ಸುಲಭ ನೋಡಿ.

ಮೊದಲ ಸಲ ಅದು ಹೊಡೆದಾಗ ಗಲ್ಲಿಗೆ ಗಲ್ಲಿಯೇ ದೊಣ್ಣೆ, ಒನಕೆ, ಸೌಟು ಹಿಡಿದುಕೊಂಡು ಓಡಿಬಂತು. ತುಳಿದದ್ದು ಬೆಕ್ಕು. ಮರುದಿನ ಮತ್ತೆ ಬೆಕ್ಕು. ಆಮೇಲೆ ಆಷಾಢ ಬಂತು. ಮೈಸೂರಿನ ಆಷಾಢದ ಗಾಳಿ ನಿಮಗೆ ಗೊತ್ತೇ ಇದೆ, ಬಾಗಿಲನ್ನು ಹಿಡಿದು ಅಲ್ಲಾಡಿಸಿ ಮಾತಾಡಿಸುತ್ತದೆ. ಒಂದೊಂದು ದಿನ ಗಂಟೆ ಬಡಿದುಕೊಂಡದ್ದಕ್ಕೆ ಲೆಕ್ಕವೇ ಇರಲಿಲ್ಲ. ಜನ ಓಡಿಬರುವುದನ್ನು ಬಿಟ್ಟರು. ಅಂತೋಣಪ್ಪನವರು ಮಾತ್ರ ಪ್ರತಿಸಲವೂ ಗೋಡೆಯ ಆಚೆಯಿಂದ ಕೂಗುತ್ತಿದ್ದರು: "ಮೇಷ್ಟ್ರೇ, ಇಂಟರ್ವಲ್ಲು! ಕಡ್ಲೆಕಾಯಿ ಕಳಿಸ್ರೀ!" ನಾನು ಸ್ಕೂಲಿನಲ್ಲಿ ಅಷ್ಟೂ ಗಂಟೆಗಳಿಗೆ ಏಳುತ್ತಾ ಕೂರುತ್ತಾ ದಿನ ಕಳೆದು ಬಂದು, ಮನೆಯಲ್ಲಿ ಮತ್ತೆ ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಬೆನ್ನು ಸೆಟೆದು ಹೋಗುತ್ತಿತ್ತು. ಈ ಬದುಕೇ ಸಾಕಪ್ಪಾ ಎನ್ನಿಸುತ್ತಿತ್ತು.

ಸಂಜೆಯದು ಇನ್ನೊಂದು ಪೇಚು. ದೀಪ ಹಚ್ಚುವ ಹೊತ್ತಿಗೆ ಹಿಂಬಾಗಿಲು ಮುಚ್ಚಿ ಮುಂಬಾಗಿಲು ತೆರೆದಿರಬೇಕು, ಲಕ್ಷ್ಮಿ ಬರುವ ಹೊತ್ತು. ಇದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವ್ವ ಮುಂಬಾಗಿಲು ತೆರೆದಳು, ಗಂಟೆ ಕಿರುಚಿಕೊಂಡಿತು, ಅವಳ ಕೈಯಲ್ಲಿದ್ದ ಎಣ್ಣೆಯ ಗಿಂಡಿ ನೆಲಕ್ಕೆ ಬಿತ್ತು. "ಲಕ್ಷ್ಮಿ ಬರೋ ಒತ್ನಲ್ಲಿ ಇಂಗ್ ಬಡ್ಕೊಂಡ್ರೆ ಅವ್ಳು ಒಳೀಕ್ ಬಂದಾಳೇನ್ಲಾ? ಎದ್ರುಕೊಂಡು ಅಂತೋಣಪ್ನೋರ್ ಮನೇಗ್ ಓಯ್ತಾಳೆ, ಅಷ್ಟೇಯ!" ಅಂದಳು. ಅಂದಿನಿಂದ ದೀಪದ ಹೊತ್ತಿಗೆ ಗಂಟೆ ಆರಿಸುವುದೆಂದು ತೀರ್ಮಾನವಾಯಿತು. ಮನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದು ನಿಂತಿರುವ ಹೊತ್ತಿನಲ್ಲಿ ಬಾಗಿಲು ಹಾರುಹೊಡೆದಿರುತ್ತಿತ್ತು, ಗಂಟೆ ಬಾಯಿ ಮುಚ್ಚಿಕೊಂಡಿರುತ್ತಿತ್ತು.

ಆದರೂ ರತ್ನ ಮಧ್ಯಾಹ್ನ ನಿದ್ದೆ ಮಾಡತೊಡಗಿದಳು. ಅದೊಂದು ನಿಜವಾದ ಸುಖ. ಊಟವಾದ ಮೇಲೆ ಸ್ವಿಚ್ಚು ಹಾಕಿ, ಸೆರಗು ಹಾಸಿ, ಗೊರಕೆ ಹೊಡೆಯುವಷ್ಟು ನಿದ್ದೆ. ಕಣ್ಣ ಸುತ್ತಿನ ಕಪ್ಪು ಹೋಯಿತು. ಸಾರು ಸಾರಿನ ಹಾಗಾಯಿತು. ಗಂಟೆ ಕಳ್ಳನನ್ನು ಹಿಡಿಯದಿದ್ದರೆ ಕತ್ತೆಬಾಲ, ನನ್ನ ಹೆಂಡತಿಗೆ ಜೋಗುಳ ಹಾಡಿತಲ್ಲ, ಸಾಕು ಎಂದುಕೊಂಡೆ.

ಅವ್ವನನ್ನು ಮಾತ್ರ ನಾನು ನೋಡಲಿಲ್ಲ. ನೋಡುತ್ತಲೇ ಇದ್ದೆ, ಆದರೆ ತಿಳಿಯಲಿಲ್ಲ. ಹಿತ್ತಲಲ್ಲಿ ಅವಳದೊಂದು ಪಾತಿಯಿತ್ತು. ದಂಟು, ಕೊತ್ತಂಬರಿ, ಎರಡು ಬದನೆ ಗಿಡ. ದಿನಕ್ಕೆ ಎಷ್ಟೋ ಸಲ ಅಲ್ಲಿಗೆ ಹೋಗಿ ಬರುತ್ತಿದ್ದಳು. ಈಗ ನಡುವೆ ಗೋಣಿತಾಟು. ರತ್ನ, ನಾನು ನೆಗೆದು ದಾಟುತ್ತಿದ್ದೆವು, ಅವ್ವನ ಮಂಡಿಗೆ ನೆಗೆತ ಬರುವುದಿಲ್ಲ. ಸ್ವಿಚ್ಚು ಆರಿಸು ಎಂದರೆ, "ಕರೆಂಟ್ ಮುಟ್ಟಾಕೆ ನಾನೇನ್ ಕಂಬ ಅತ್ತೋನೇನ್ಲಾ?" ಅನ್ನುವಳು. ಇದು ಬ್ಯಾಟರಿ ಕಣವ್ವ, ಏನೂ ಆಗಲ್ಲ ಎಂದು ಸೆಲ್ಲಿನ ತುದಿಗೆ ನಾಲಗೆ ತಾಗಿಸಿ ತೋರಿಸಿದೆ. ನಾಲಗೆ ಚುರುಕ್ ಎಂದು ನನ್ನ ಮುಖ ಹುಳ್ಳಗಾಯಿತು. ಅಲ್ಲಿಗೆ ಪಾಠ ಮುಗಿಯಿತು. ಹೀಗಾಗಿ ಹಿತ್ತಲಿಗೆ ಹೋಗಬೇಕೆಂದರೆ ಅವಳು ಪ್ರತಿಸಲವೂ ಸೊಸೆಯನ್ನು ಕೇಳಬೇಕಾಯಿತು. ರತ್ನ ಕೈಕೆಲಸ ಬಿಟ್ಟು ಬಂದು ಆರಿಸುವಳು, ಅವ್ವ ಹೋಗಿ ಬಂದ ಮೇಲೆ ಮತ್ತೆ ಹಾಕುವಳು. ಗೊಣಗಿದವಳಲ್ಲ ರತ್ನ. ಕೇಳಿದವಳಿಗೇ ಸಾಕಾಯಿತು.

ಜಗಲಿಯ ಮೇಲೂ ಅವ್ವ ಮೊದಲಿನ ಹಾಗೆ ಕೂರುತ್ತಿರಲಿಲ್ಲ. ಗಲ್ಲಿಗೆ ಯಾರಾದರೂ ಬಂದರೆ ಯಾವೂರು ಎಂದು ಕೇಳುವುದನ್ನು ಬಿಟ್ಟಿದ್ದಳು. "ಯಾಕವ್ವ ಸುಮ್ಮನಿದ್ದೀಯ?" ಅಂದರೆ, "ನಿನ್ ಗಂಟೆ ಕೇಳ್ಕತ್ತದೆ ಬುಡು" ಅನ್ನುವಳು. ಇದನ್ನು ಅವಳ ಮಾಮೂಲು ಕೊಂಕು ಎಂದುಕೊಂಡು ನಕ್ಕಿದ್ದೆ.

ಒಂದು ಶನಿವಾರ ಸ್ಕೂಲು ಬೇಗ ಬಿಟ್ಟಿತು. ಮನೆಗೆ ಬಂದರೆ ಜಗಲಿ ಖಾಲಿ. ಬಾಗಿಲ ಸಂದಿಯಿಂದ ಹಿತ್ತಾಳೆ ಪಟ್ಟಿಗೆ ಒಂದು ಪೋಸ್ಟ್‌ಕಾರ್ಡು ಅಡ್ಡ ತೂರಿಸಿ, ಗಂಟೆ ಹೊಡೆಯದಂತೆ ಬಾಗಿಲು ತೆಗೆದೆ. ಒಳಗೆ ರತ್ನ ಮಲಗಿದ್ದಾಳೆ. ಹಿತ್ತಲ ಬಾಗಿಲ ಮುಂದೆ, ಗೋಣಿತಾಟಿನ ಈಚೆ, ಅವ್ವ ನೀರು ತುಂಬಿದ ಕೊಡ ಪಕ್ಕದಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಾಳೆ.

"ಏನವ್ವ ಇಲ್ಲಿ ಕೂತಿದ್ದೀಯ?"

"ಏನಿಲ್ಲ ಕಣಪ್ಪ. ಗಿಡ ಬಾಡೋಗವೆ. ರತ್ನ ಏಳ್ಲಿ, ಆಮ್ಯಾಕೆ ನೀರುಯ್ಯಾನ ಅಂತ."

"ಎಬ್ಬಿಸಬಾರದಿತ್ತಾ?"

"ಪಾಪ, ನಿದ್ದೆ ಮಾಡ್ತಾವ್ಳೆ. ಯಾವಾಗ್ಲೂ ಎಬ್ರುಸ್ಲಾ?"

ಎಷ್ಟು ಹೊತ್ತಿನಿಂದ ಕೂತಿದ್ದಳೋ. ನಾನು ಸ್ವಿಚ್ಚು ಆರಿಸಿದೆ. ಅವಳು ಮೆಲ್ಲಗೆ ಎದ್ದು, ಕೊಡವನ್ನು ಸೊಂಟಕ್ಕಿಟ್ಟುಕೊಂಡು, ಆರಿಸಿದ್ದರೂ ಗೋಣಿತಾಟನ್ನು ತುಳಿಯಲು ಹೆದರಿ ಗೋಡೆ ಹಿಡಿದು ಬದಿಯಲ್ಲಿ ದಾಟಿದಳು. ಅದನ್ನು ನೋಡುತ್ತ ನನಗೆ ಊರಿನ ಒರಳುಕಲ್ಲು ಕಣ್ಣ ಮುಂದೆ ಬಂತು.

ಅವತ್ತು ಸಂಜೆಯೇ ಅವ್ವ ಮಾತು ತೆಗೆದಳು. ಊರಿಗೆ ಹೋಗುತ್ತಾಳಂತೆ. ನೋಡಿಕೊಂಡು ಬರುವುದಕ್ಕಲ್ಲ, ಇದ್ದುಬಿಡುವುದಕ್ಕೆ.

ರತ್ನ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ನಾನೇನಾದ್ರೂ ಅಂದ್ನಾ ಅತ್ತೆ?"

"ನೀನೇನ್ ಅಂದೀಯವ್ವ. ಯಾರೂ ಏನೂ ಅಂದಿಲ್ಲ. ಮನೆ ಕಾಯಕ್ಕೆ ಅಂತ ಕರ್ಕಂಡ್ ಬಂದ, ಬಂದೆ. ಈಗ ಕಾಯಾಕೆ ಅದೈತೆ. ಸುಮ್ಕೆ ಕುಂತು ಉಣ್ಣಾದು ನಂಗ್ ಬರಾಕಿಲ್ಲ."

"ಈ ಕ್ಷಣ ಕಿತ್ತು ಬಿಸಾಕ್ತೀನಿ ಆ ದರಿದ್ರದ್ದನ್ನ" ಅಂತ ನಾನು ಎದ್ದೆ.

"ಕೂತ್ಕಳ್ಲಾ. ಅದ್ನ ಕಿತ್ರೆ ಇವ್ಳು ಅಗಲೊತ್ತು ಕಣ್ ಮುಚ್ತಾಳಾ? ಮುಖ ನೋಡು, ಈಗ್ ತಾನೇ ಕಳೆ ಬಂದೈತೆ. ನನ್ ಕಾವ್ಲಲ್ಲಿ ಅಂಡೆ ಓಯ್ತು. ನನ್ ದೆಸೆಯಿಂದ ಇವ್ಳ ನಿದ್ದೇನೂ ಓಗದು ಬ್ಯಾಡ."

ಅತ್ತ ದರಿ ಇತ್ತ ಪುಲಿ ಎಂದು ಮಕ್ಕಳಿಗೆ ಎಷ್ಟೋ ಸಲ ಅರ್ಥ ಹೇಳಿಕೊಟ್ಟಿದ್ದೇನೆ. ಅರ್ಥವಾದದ್ದು ಅವತ್ತು. ಗಂಟೆ ಇದ್ದರೆ ಅವ್ವ ಇರುವುದಿಲ್ಲ, ಗಂಟೆ ಇಲ್ಲದಿದ್ದರೆ ರತ್ನನಿಗೆ ಜೀವದಲ್ಲಿ ಜೀವವಿರುವುದಿಲ್ಲ. ಊರಿನಲ್ಲಿ ಅವ್ವನಿಗೆ ಏನು ಕಾದಿದೆಯೆಂದು ಮೂವರಿಗೂ ಗೊತ್ತಿತ್ತು. ವಾದ ಮಾಡುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. ಅವ್ವ ಒಂದು ಸಲ ಹೇಳಿದರೆ ಹೇಳಿದ ಹಾಗೆಯೇ, ಅಪ್ಪನೂ ಅವಳ ಮುಂದೆ ಗೆದ್ದವರಲ್ಲ.

ಸೋಮವಾರ ಸ್ಕೂಲಿಗೆ ರಜೆಯಿತ್ತು, ನಾನೇ ಬಸ್ಸಿನಲ್ಲಿ ಬಿಟ್ಟುಬರುವುದೆಂದಾಯಿತು. ಭಾನುವಾರ ಅವ್ವ ಸೀರೆಗಳನ್ನೆಲ್ಲ ಒಗೆದು ಒಣಗಿಸಿ ಮಡಿಸಿದಳು. ಆಮೇಲೆ ಅವಳಿಗೆ ನೆನಪಾಯಿತು, ಸೋಮವಾರ ನಮ್ಮೂರಿರುವ ಮೂಡಲ ದಿಕ್ಕಿಗೆ ಶೂಲ, ಹೊರಡುವ ಹಾಗಿಲ್ಲ. ನನಗೆ ಒಂದು ಗಳಿಗೆ ಆಸೆ ಹುಟ್ಟಿತು. ಆದರೆ ಅದಕ್ಕೂ ಹಿರಿಯರು ಉಪಾಯ ಮಾಡಿಟ್ಟಿದ್ದಾರಲ್ಲ, ಪರಸ್ಥಾನ. ಹೊರಡುವ ದಿನ ಸರಿಯಿಲ್ಲದಿದ್ದರೆ ಒಳ್ಳೆಯ ಹೊತ್ತು ನೋಡಿ ಹಿಂದಿನ ದಿನವೇ ಗಂಟನ್ನು ಮನೆಯಿಂದ ಆಚೆ ಇಟ್ಟುಬಿಡುವುದು. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆ, ದಿಕ್ಕುಶೂಲ ತಗುಲುವುದಿಲ್ಲ. ಪಕ್ಕದ ಮನೆಯಲ್ಲಿ ಇಡುವುದು ವಾಡಿಕೆ. ಅಂತೋಣಪ್ಪನವರ ಮನೆಗೆ ಬೀಗ, ಗಂಡ ಹೆಂಡತಿ ಚರ್ಚಿಗೆ ಹೋಗಿದ್ದರು. ಹೊಸಿಲು ದಾಟಿದರೆ ಸಾಕು ಎಂದು ಅವ್ವ, ಸೀರೆಗಳನ್ನೆಲ್ಲ ಕಂಬಳಿಯಲ್ಲಿ ಗಂಟು ಕಟ್ಟಿ, ಮೇಲೆ ಎಲೆ ಅಡಿಕೆ ಸಿಕ್ಕಿಸಿ, ಜಗಲಿಯ ಮೇಲೆ ತಾನು ಯಾವಾಗಲೂ ಒರಗುತ್ತಿದ್ದ ಕಂಬದ ಬುಡದಲ್ಲಿ ಇಟ್ಟಳು.

ಇಟ್ಟು ಒಳಗೆ ಬಂದವಳು ಯಾರ ಮುಖವನ್ನೂ ನೋಡಲಿಲ್ಲ. "ದೀಪದ್ ಒತ್ತಾಯ್ತು, ಅದ್ನ ಆರ್ಸವ್ವ" ಅಂದಳು. ರತ್ನ ಸ್ವಿಚ್ಚು ಆರಿಸಿದಳು. ಅವ್ವ ಮುಂಬಾಗಿಲು ತೆಗೆದಿಟ್ಟು, ದೇವರ ಗೂಡಿನ ಮುಂದೆ ಕೂತು ದೀಪ ಹಚ್ಚಿದಳು. ಮೂವರೂ ಕೈಮುಗಿದೆವು. ರತ್ನ ಅಳುತ್ತಿದ್ದಳು, ಸದ್ದಿಲ್ಲದೆ. ದೇವರ ಹತ್ತಿರ ಏನು ಕೇಳಬೇಕೆಂದು ನನಗೆ ತೋಚಲಿಲ್ಲ. ಸುಮ್ಮನೆ ಕಣ್ಣು ಮುಚ್ಚಿ ನಿಂತಿದ್ದೆ, ನಿಂತಲ್ಲೇ ನಿದ್ದೆ ಬರುವಷ್ಟು ದಣಿದಿದ್ದೆ.

ಹೊಸಿಲಿಗೆ ದೀಪ ತೋರಿಸಲು ಹೋದ ಅವ್ವ ಅಲ್ಲೇ ನಿಂತುಬಿಟ್ಟಳು. "ಮಗಾ, ಗಂಟಿಲ್ಲ ಕಣ್ಲಾ."

ಹೋಗಿ ನೋಡಿದರೆ ಕಂಬದ ಬುಡದಲ್ಲಿ ಒಂದು ಅಡಿಕೆ ಬಿದ್ದಿತ್ತು, ಅಷ್ಟೇ. ಗಲ್ಲಿಯ ಎರಡೂ ತುದಿಗೆ ಓಡಿ ನೋಡಿದೆ. ಯಾರೂ ಇಲ್ಲ. ಅಷ್ಟು ಹೊತ್ತಿಗೆ ಚರ್ಚಿನಿಂದ ಬಂದ ಅಂತೋಣಪ್ಪನವರು ವಿಷಯ ಕೇಳಿ, "ಅಲ್ಲಾ ಮೇಷ್ಟ್ರೇ, ಗಂಟೆ ಹೊಡೀಲಿಲ್ವಾ?" ಅಂದರು. ಆರಿಸಿತ್ತು ಎಂದೆ. ಹಾಕಿದ್ದರೂ ಹೊಡೆಯುತ್ತಿರಲಿಲ್ಲ. ಇದ್ದಬದ್ದ ತಂತಿಯೆಲ್ಲ ಮನೆಯ ಒಳಗಿತ್ತು, ಗಂಟನ್ನು ನಾವೇ ಹೊರಗಿಟ್ಟಿದ್ದೆವು. ಅವರು ನಗಲಿಲ್ಲ. "ಈಗ್ಲೇ ಠಾಣೆಗೆ ಹೋಗಿ ಬರೆಸಿ. ಕಂಬಳಿ ಗಂಟು ಹೊತ್ಕೊಂಡು ದೂರ ಹೋಗಿರಲ್ಲ, ಸಿಕ್ಕೇ ಸಿಗ್ತಾನೆ" ಅಂದರು.

ಅವ್ವನಿಗೆ ಉಟ್ಟ ಸೀರೆ ಬಿಟ್ಟರೆ ಇನ್ನೊಂದಿಲ್ಲ. ರತ್ನ ಅಷ್ಟರಲ್ಲೇ ತನ್ನ ಟ್ರಂಕು ತೆರೆದು, ಹಬ್ಬಕ್ಕೆಂದು ಇಟ್ಟಿದ್ದ ಸೀರೆಯನ್ನು ಅವ್ವನ ಮಡಿಲಿಗೆ ಹಾಕಿದ್ದಳು. ನಾನು ಅಂಗಿ ತೊಟ್ಟು ಚಪ್ಪಲಿ ಮೆಟ್ಟಿ ಹೊರಟೆ. ಕಾಲು ಎಳೆದುಕೊಂಡು ನಾಲ್ಕು ಮನೆ ದಾಟಿರಬೇಕು, ಹಿಂದಿನಿಂದ ಅವ್ವ ಬಂದು ಮುಂಗೈ ಹಿಡಿದುಕೊಂಡಳು. ಏದುಸಿರು ಬಿಡುತ್ತಿದ್ದಳು.

"ಬ್ಯಾಡ ಕಣ್ಲಾ ಮಗ. ಪೊಲೀಸ್ನೋರ್ ತಾವ್ಕೆ ಓಗ್ಬ್ಯಾಡ."

"ಯಾಕವ್ವ? ನಿನ್ನ ಸೀರೆಯೆಲ್ಲ ಅದರಲ್ಲೇ ಇತ್ತಲ್ಲ. ಈಗಲೇ ಹೋದ್ರೆ ಸಿಕ್ಕೇ ಸಿಗುತ್ತೆ ಅಂತಾರೆ ಅಂತೋಣಪ್ಪನವರು."

ಅವ್ವ ತಿರುಗಿ ಮನೆಯ ಕಡೆ ನೋಡಿದಳು. ತೆರೆದ ಬಾಗಿಲಲ್ಲಿ ರತ್ನ ನಿಂತಿದ್ದಳು. ಅವಳಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ, ನನ್ನ ಮುಂಗೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು ಹೇಳಿದಳು:

"ಅದ್ಕೇ ಕಣ್ಲಾ ಬ್ಯಾಡ ಅನ್ನಾದು. ಸಿಕ್ಬುಟ್ರೆ ನಾನ್ ಓಗ್ಬೇಕಾಯ್ತದಲ್ಲೋ."